ಮೈಕು ಕೂಗಿದ್ದಲ್ಲ, ಕೂಗಿಸಿದ್ದು

ನನ್ನ ಆಂಪ್ಲಿಫೈಯರಿನ ವಾಲ್ಯೂಮ್ ನಾಬಿನ ಪಕ್ಕದಲ್ಲಿ, ತಗಡಿನ ಮೇಲೆ, ಅರದ ತುದಿಯಿಂದ ಎಳೆದ ಒಂದು ಗೆರೆ ಇದೆ. ಉಗುರಿನಷ್ಟು ಉದ್ದ, ಕೂದಲಿನಷ್ಟು ದಪ್ಪ. ಮೊನ್ನೆ ತಾಳ್ಯದಿಂದ ಮಗನ ಮದುವೆಗೆ ಮೈಕ್ ಸೆಟ್ ಗೊತ್ತುಮಾಡಲು ಬಂದಿದ್ದ ಹಿರಿಯರೊಬ್ಬರು ಅದರ ಮೇಲೆ ಬೆರಳಾಡಿಸಿ, "ಏನಪ್ಪ, ಸಾಮಾನು ಗೀರು ಬಿದ್ದೈತಲ್ಲ, ಭಾಳ ಹಳೇದೇನು?" ಎಂದರು.

"ಹಳೇದೇ ಸ್ವಾಮಿ. ಆದ್ರೆ ಅದು ತಾನಾಗೇ ಬಿದ್ದಿದ್ದಲ್ಲ, ನಾನೇ ಎಳೆದಿದ್ದು" ಎಂದೆ.

ಅವರು ನಂಬಲಿಲ್ಲ. ನನ್ನ ಮುಖ ನೋಡಿದರು, ನಾಬು ನೋಡಿದರು, "ಬ್ಯಾರೆ ಸೆಟ್ ಇದ್ರೆ ಅದನ್ನೇ ತಗಂಬಾ" ಎಂದು ಹೇಳಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹೊರಟರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ರುದ್ರೇಶನ ಮೇಲೆ. ಹೋದ ತಿಂಗಳು ಇದೇ ಚಿತ್ರದುರ್ಗದ ಒಂದು ಆರತಕ್ಷತೆಯಲ್ಲಿ, ಮುನ್ನೂರು ಜನರ ಮುಂದೆ, ನನ್ನದೇ ಮೈಕಿನಲ್ಲಿ, ಅವನು ನಗುತ್ತಾ ಹೇಳಿದ: "ನಾವು ಹುಡುಗರಾಗಿದ್ದಾಗ ಏನೇನೋ ಹುಚ್ಚಾಟ ಆಡ್ತಿದ್ವಿ. ಆಗ ನಮ್ಮ ಮೈಕಿನವನಿಗೆ ಕೆಲ್ಸ ಬರ್ತಿರಲಿಲ್ಲ ನೋಡ್ರಿ, ಹಾಡಿಗಿಂತ ಮೈಕೇ ಜಾಸ್ತಿ ಕೂಗ್ತಿತ್ತು." ಜನ ನಕ್ಕರು. ನಾನು ವೇದಿಕೆಯ ಪಕ್ಕದಲ್ಲಿ ಅದೇ ಆಂಪ್ಲಿಫೈಯರಿನ ಮುಂದೆ, ಅದೇ ಗೆರೆಯ ಮುಂದೆ ಕೂತಿದ್ದೆ. ಅದಕ್ಕೆ ನಾನು ಏನು ಮಾಡಿದೆ ಎನ್ನುವುದನ್ನು ಹೇಳುತ್ತೇನೆ. ಆದರೆ ಅದಕ್ಕೆ ಮುಂಚೆ ಮೈಕು ಕೂಗುವುದೆಂದರೆ ಏನು, ಯಾರು ಕೂಗಿಸಿದರು, ಯಾಕೆ ಕೂಗಿಸಿದರು ಎನ್ನುವುದು ನಿಮಗೆ ಗೊತ್ತಾಗಬೇಕು. ಇಲ್ಲದಿದ್ದರೆ ನೀವೂ ಆ ಮುನ್ನೂರು ಜನರ ಜೊತೆ ಸೇರಿ ನಗುತ್ತೀರಿ.

ಮೈಕಿನ ಕೆಲಸ ಮಾಡುವವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ಏಯ್ ಮೈಕು" ಎನ್ನುತ್ತಾರೆ. ಅಡಿಗೆಯವರನ್ನು ಭಟ್ಟರೇ ಎನ್ನುತ್ತಾರೆ, ವಾಲಗದವರನ್ನು ಹೆಸರಿನಿಂದ ಕರೆದು ತಾಂಬೂಲ ಕೊಡುತ್ತಾರೆ, ಚಪ್ಪರ ಹಾಕಿದವನಿಗೂ ಒಂದು ಹೆಸರಿರುತ್ತದೆ. ನನ್ನನ್ನು ಮಾತ್ರ ನನ್ನ ಸಾಮಾನಿನ ಹೆಸರಿನಿಂದ ಕರೆಯುತ್ತಾರೆ. ಎಲ್ಲ ಸರಿಯಾಗಿದ್ದಾಗ ನಾನು ಅಲ್ಲಿ ಇದ್ದೇನೆಂಬುದೇ ಯಾರಿಗೂ ನೆನಪಿರುವುದಿಲ್ಲ. ಹಾರ್ನ್ ಸ್ಪೀಕರಿನ ಸದ್ದೇ ಮೈಕಿನೊಳಕ್ಕೆ ತಿರುಗಿ ಹೊಕ್ಕು ಅದು ಒಂದು ಸಲ ಕುಂಯ್ ಎಂದಿತೋ, ಮದುಮಗಳೂ ಸೇರಿ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಅದು ಕೂಗುವುದಕ್ಕೆ ಮುಕ್ಕಾಲು ಪಾಲು ಅವರೇ ಕಾರಣ. ಭಾಷಣದ ನಡುವೆ ಪಕ್ಕದವರ ಹತ್ತಿರ ಗುಟ್ಟು ಹೇಳಬೇಕಾದಾಗ ದೊಡ್ಡ ಮನುಷ್ಯರು ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚುತ್ತಾರೆ. ಮುಚ್ಚಿದರೆ ಮೈಕು ಸುಮ್ಮನಾಗುತ್ತದೆ ಎಂದು ಅವರ ಲೆಕ್ಕ. ಆಗುವುದು ಉಲ್ಟಾ. ಮುಚ್ಚಿದರೇ ಅದು ಕೂಗುವುದು. ಇದನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ನಂಗೇ ಹೇಳಿಕೊಡ್ತೀಯೇನೋ" ಎನ್ನುತ್ತಾರೆ.

ಇರಲಿ. ನಾನು ಓದಿದ್ದು ಏಳನೇ ಕ್ಲಾಸು. ಅದನ್ನು ಮುಚ್ಚಿಡುವ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ. ನಮ್ಮದು ಮದಕರಿಪುರ. ಮನೆಯಲ್ಲಿ ಕುರಿ ಇದ್ದವು, ಸ್ವಲ್ಪ ಜಮೀನಿತ್ತು, ಏಳು ಪಾಸಾದ ಮೇಲೆ ಕುರಿಯ ಹಿಂದೆ ಹೋಗುವವನು ಒಬ್ಬ ಬೇಕಾಗಿತ್ತು, ಹೋದೆ. ಅಷ್ಟೇ ಕಥೆ. ಆದರೆ ಶಾಲೆಯಲ್ಲಿ ಕಲಿಯದ ಒಂದು ವಿಷಯವನ್ನು ಆ ಕುರಿಗಳ ಜೊತೆಯಲ್ಲಿ ಕಲಿತೆ, ಅದು ಕೇಳಿಸಿಕೊಳ್ಳುವುದು.

ರಸ್ತೆಯ ಬದಿಯಲ್ಲಿ ತಂತಿ ಕಂಬಗಳು ಸಾಲಾಗಿ ಹೋಗುತ್ತವಲ್ಲ, ಆ ಕಂಬಕ್ಕೆ ನೀವು ಯಾವತ್ತಾದರೂ ಕಿವಿ ಕೊಟ್ಟಿದ್ದೀರಾ? ಕೊಟ್ಟಿರುತ್ತೀರಿ. ಈ ಸೀಮೆಯಲ್ಲಿ ಬೆಳೆದವರು ಕೊಡದೇ ಇರುವುದಕ್ಕೆ ಸಾಧ್ಯವಿಲ್ಲ. ಆಷಾಢದಲ್ಲಿ ಜೋಗಿಮಟ್ಟಿ ಕಡೆಯಿಂದ ಗಾಳಿ ಬೀಸತೊಡಗಿದರೆ ಕಂಬದೊಳಗೆ ಒಂದು ಶಬ್ದ ಹುಟ್ಟುತ್ತದೆ. ಮೊದಲು ಜೇನುಹುಳುವಿನ ಹಾಗೆ, ಆಮೇಲೆ ಯಾರೋ ಬಾಯಿ ಮುಚ್ಚಿಕೊಂಡು ಹಾಡುವ ಹಾಗೆ, ಗಾಳಿ ಜೋರಾದಾಗ ಒಂದೇ ಎಳೆ, ಉಸಿರು ತೆಗೆದುಕೊಳ್ಳದೆ. ನಾನು ಕಂಬವನ್ನು ತಬ್ಬಿಕೊಂಡು, ಕಿವಿ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದೆ. ಕುರಿಗಳು ಯಾರದೋ ಶೇಂಗಾ ಹೊಲಕ್ಕೆ ನುಗ್ಗುತ್ತಿದ್ದವು. ಹೊಲದವರು ಬಂದು ಬೆನ್ನಿಗೆ ಬಾರಿಸುವ ತನಕ ನನಗೆ ಈ ಲೋಕದ ಪರಿವೆ ಇರುತ್ತಿರಲಿಲ್ಲ. ಅದು ತಂತಿಯಲ್ಲಿ ಹೋಗುವ ಸುದ್ದಿ ಎಂದು ನಾವು ಹುಡುಗರು ನಂಬಿದ್ದೆವು. ಮುಂದೆ ಮೆಟ್ರಿಕ್ ಪಾಸಾದ ನಮ್ಮ ಚಿಕ್ಕಪ್ಪನ ಮಗ, "ಅದು ಸುದ್ದಿಯಲ್ಲ ಕಣಲೇ, ಬರೀ ಗಾಳಿ" ಎಂದು ಬಹಳ ದೊಡ್ಡ ಮನುಷ್ಯನಂತೆ ತಿಳಿಸಿದ. ಗಾಳಿ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದರೂ ನಿಂತು ಕೇಳುತ್ತಿದ್ದೆ. ಅವನಿಗೂ ನನಗೂ ಇರುವ ವ್ಯತ್ಯಾಸ ಅದು. ಅವನು ಈಗ ತಾಲ್ಲೂಕು ಕಚೇರಿಯಲ್ಲಿದ್ದಾನೆ.

ಹದಿನೆಂಟಕ್ಕೆ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ದುರ್ಗಕ್ಕೆ ಬಂದು, ಸಂತೆಹೊಂಡದ ಹತ್ತಿರ ಮೈಕ್ ಸೆಟ್ ಇಟ್ಟಿದ್ದ ಬಾಷಾ ಸಾಬರ ಹತ್ತಿರ ಸೇರಿದೆ. ಸಾಬರು ಒಳ್ಳೆಯ ಮನುಷ್ಯರು, ಕೈ ಮಾತ್ರ ಸ್ವಲ್ಪ ಮುಂದು. ಮರಕ್ಕೆ ಹಾರ್ನ್ ಕಟ್ಟುವುದು, ಬ್ಯಾಟರಿಗೆ ನೀರು ಹಾಕುವುದು, ಹಾಡಿನ ಪ್ಲೇಟಿನ ಮುಳ್ಳು ಬದಲಾಯಿಸುವುದು, ಎಲ್ಲ ಅವರೇ ಹೇಳಿಕೊಟ್ಟದ್ದು. ಮೊದಲನೇ ದಿನವೇ ಒಂದು ಮಾತು ಹೇಳಿದರು: "ದೇಖ್ ತಿಪ್ಪಾ, ಪ್ಲೇಟ್ ಒಡದ್ರೆ ಮಾಫಿ ಐತೆ. ಬ್ಯಾಟ್ರಿ ಬೀಳ್ಸಿದ್ರೂ ಮಾಫಿ ಐತೆ. ಮೈಕ್ ಕೂಗ್ತು ಅಂದ್ರೆ ಮಾಫಿ ಇಲ್ಲ. ಮದುವೆ ಮನೇಲಿ ಮೈಕ್ ಕೂಗೋದು, ಶಾದಿ ಊಟದಾಗೆ ಕೂದ್ಲು ಸಿಗೋದು, ಎರಡೂ ಒಂದೇ." ಮೊದಲನೇ ವರ್ಷ ನನ್ನ ಮೈಕು ಎರಡು ಸಲ ಕೂಗಿತು. ಎರಡು ಸಲವೂ ಕಪಾಳಕ್ಕೆ ಬಿತ್ತು. ಮೂರನೇ ಸಲ ಕೂಗಲೇ ಇಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಮೈಕು ಕೂಗದಂತೆ ನೋಡಿಕೊಳ್ಳುವುದರಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರು ಆಗ ಯಾರೂ ಇರಲಿಲ್ಲ. ಇದು ಜಂಬವಲ್ಲ. ಜಂಬವಾದರೂ ನಿಜ.

ರುದ್ರೇಶ ಸಿಕ್ಕಿದ್ದು ಆಮೇಲೆ. ದರ್ಜಿಯ ಮಗ, ಪಿಯುಸಿ ಓದುತ್ತಿದ್ದ. ಓದುತ್ತಿದ್ದ ಎಂದು ಅವರಪ್ಪ ತಿಳಿದಿದ್ದರು. ಕಿವಿ ಮುಚ್ಚುವಷ್ಟು ಕೂದಲು, ಅವರಪ್ಪನೇ ಹೊಲಿದು ಆಮೇಲೆ ನೋಡಿ ನೋಡಿ ಬೈಯುತ್ತಿದ್ದ ಬೆಲ್‌ಬಾಟಂ ಪ್ಯಾಂಟು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿದ್ದ ರೈಲ್ವೆ ಗಾರ್ಡೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಗಿಟಾರು ಅವನ ಕೈಗೆ ಹೇಗೋ ಬಂದಿತ್ತು. ರೇಡಿಯೊದ ಶಾರ್ಟ್‌ವೇವಿನಲ್ಲಿ ಎಲ್ಲಿಯದೋ ಇಂಗ್ಲಿಷ್ ಹಾಡು, ಅಲೆಯ ಮೇಲೆ ಬಂದು ಹೋಗುವಂತೆ ಕೇಳಿಸುತ್ತಿತ್ತಲ್ಲ, ಅದನ್ನು ಕೇಳಿ ಕೇಳಿ ತಾನೇ ಕಲಿತಿದ್ದ. ಅವನ ಜೊತೆ ಕರಿಯಣ್ಣ. ಶ್ರೀರಾಂಪುರದ ಕಡೆಯವನು, ಕುರಿ ಕಾಯುವ ಮನೆತನ, ದುರ್ಗದಲ್ಲಿ ಮಾವನ ಮನೆಯಲ್ಲಿದ್ದು ಎಣ್ಣೆ ಮಿಲ್ಲಿಗೆ ಹೋಗುತ್ತಿದ್ದ. ಅವನು ಹೊಡೆಯುತ್ತಿದ್ದುದು ಡೊಳ್ಳು. ಇಂಗ್ಲಿಷಿನವರು ಹೊಡೆಯುವ ಡ್ರಮ್ಮನ್ನು ನಾವು ಮೂವರೂ ಕಣ್ಣಿನಲ್ಲಿ ಕಂಡಿರಲಿಲ್ಲ. ಆದ್ದರಿಂದ ಡೊಳ್ಳು ಅದಕ್ಕಿಂತ ಕಡಿಮೆ ಎಂದು ನಮಗೆ ಹೇಳುವವರೂ ಇರಲಿಲ್ಲ.

ಅವರು ಸಿನಿಮಾ ಹಾಡು ಹಾಡುತ್ತಿರಲಿಲ್ಲ. ತಾವೇ ಕಟ್ಟಿದ ಹಾಡು ಹಾಡುತ್ತಿದ್ದರು. ಶ್ರೀರಾಂಪುರದ ಬಸ್ಸು ಬರದೇ ಇದ್ದುದರ ಮೇಲೆ ಒಂದು, ಎಣ್ಣೆ ಮಿಲ್ಲಿನ ಸೈರನ್ನಿನ ಮೇಲೆ ಒಂದು, ದರ್ಜಿ ಅಳತೆ ತಪ್ಪಿ ಹೊಲಿದ ಅಂಗಿಯ ಮೇಲೆ ಒಂದು. ಒಟ್ಟು ಹನ್ನೊಂದು ಹಾಡು. ಹನ್ನೊಂದೂ ನನಗೆ ಇವತ್ತಿಗೂ ಬಾಯಿಪಾಠ. ಬ್ಯಾಂಡಿನ ಹೆಸರು 'ಗುಂಡುಗಲ್ಲು ಸಂಗೀತ ಮಂಡಳಿ'. ಮಂಡಳಿ ಎಂದು ಸೇರಿಸಿದ್ದು ನಾನೇ, ಇಲ್ಲದಿದ್ದರೆ ಯಾರೂ ಒಳಗೆ ಬಿಡುತ್ತಿರಲಿಲ್ಲ. ಬಿಟ್ಟವರೂ ಆಮೇಲೆ ಯಾಕೆ ಬಿಟ್ಟೆವೋ ಎನ್ನುತ್ತಿದ್ದರು. ಹೊಳಲ್ಕೆರೆಯಲ್ಲಿ ಒಂದು ಮದುವೆ ಮನೆಯಲ್ಲಿ ಎರಡನೇ ಹಾಡಿಗೆ ಇಳಿಸಿದರು. ಹೊಸದುರ್ಗದ ಒಂದು ಯುವಕ ಸಂಘದವರು ಇಳಿಸಲಿಲ್ಲ, ಕರೆಂಟು ತೆಗೆದರು. ನಾವು ಬ್ಯಾಟರಿಯ ಮೇಲೆ ಇನ್ನೂ ಎರಡು ಹಾಡು ಹಾಡಿದೆವು, ಕತ್ತಲೆಯಲ್ಲಿ.

ಎಲ್ಲ ಕಡೆಯೂ ಜನ ಕೂಗುವುದು ಒಂದೇ: "ಸಿನಿಮಾದ್ದು ಹಾಡ್ರಲೇ." ಸಿನಿಮಾ ಹಾಡಿನ ಮೇಲೆ ನನಗೆ ದ್ವೇಷವಿಲ್ಲ. ಅದರ ಪ್ಲೇಟು ಹಾಕಿಯೇ ನಾನು ಮನೆ ಕಟ್ಟಿದ್ದು. ಆದರೆ ಒಂದು ಮಾತು ಕೇಳುತ್ತೇನೆ. ಮೊದಲೇ ಕೇಳಿದ್ದನ್ನು ಮತ್ತೆ ಕೇಳುವುದಕ್ಕೆ ಇಷ್ಟು ಆತುರ ಪಡುವ ಜನ, ಯಾವ ಹಾಡನ್ನಾದರೂ ಮೊದಲನೇ ಸಲ ಕೇಳಿದ್ದು ಯಾವಾಗ? ಹೊಸ ಸೊಪ್ಪು ಸಂತೆಗೆ ಬಂದರೆ ಒಂದು ಕಟ್ಟು ಕೊಂಡು ರುಚಿ ನೋಡುತ್ತಾರೆ. ಹಾಡಿಗೆ ಆ ಮರ್ಯಾದೆಯೂ ಇಲ್ಲ. ದುರ್ಗದ ಹುಡುಗನೊಬ್ಬ ದುರ್ಗದ ಮಾತಿನಲ್ಲಿ ದುರ್ಗದ ಬಸ್ಸಿನ ಮೇಲೆ ಹಾಡಿದರೆ ಅದು ಹುಚ್ಚು, ಮದ್ರಾಸಿನಲ್ಲಿ ಧ್ವನಿಮುದ್ರಣವಾಗಿ ಬಂದರೆ ಸಂಗೀತ.

ಗಿಟಾರಿನ ಸದ್ದು ಡೊಳ್ಳಿನ ಮುಂದೆ ಸೊಳ್ಳೆಯಂತೆ ಆಗುತ್ತಿತ್ತು. ಅದಕ್ಕೆ ನಾನು ಒಂದು ಹಳೆಯ ಮೈಕಿನ ಒಳಗಿನ ಬಿಲ್ಲೆಯನ್ನು ಬಿಚ್ಚಿ, ಕಪ್ಪು ಟೇಪಿನಿಂದ ಗಿಟಾರಿನ ಹೊಟ್ಟೆಗೆ ಅಂಟಿಸಿದೆ. ಸಾಬರ ಮನೆಯ ಹಿತ್ತಲಿನಲ್ಲಿ ಅಭ್ಯಾಸ. ಹಾರ್ನನ್ನು ಬೇವಿನ ಮರಕ್ಕೆ ಕಟ್ಟಿದ್ದೆ. ರುದ್ರೇಶ ನುಡಿಸುತ್ತಾ ನುಡಿಸುತ್ತಾ ಹಾರ್ನಿನ ಕಡೆಗೆ ತಿರುಗಿದ. ಕೂಗಿತು. ನಾನು ಎದ್ದೆನೋ ಬಿದ್ದೆನೋ ಎಂದು ಓಡಿ ನಾಬಿಗೆ ಕೈ ಹಾಕಿದೆ. ಕಪಾಳ ಆಗಲೇ ಬಿಸಿಯಾಗಿತ್ತು.

"ಬ್ಯಾಡ, ಬ್ಯಾಡ, ಇಳಿಸಬ್ಯಾಡ" ಎಂದ ರುದ್ರೇಶ.

"ಲೇ, ಮೈಕ್ ಕೂಗ್ತೈತೆ ಕಣೋ."

"ಕೂಗ್ಲಿ. ಇನ್ನೊಂಚೂರು ಏರ್ಸು. ಏನ್ ಶಬ್ದ ಐತಲ್ಲೋ ಇದು. ಇದನ್ನ ಎಲ್ಲೋ ಕೇಳೀನಿ."

ಎಲ್ಲಿ ಕೇಳಿದ್ದ ಎಂದು ನಾನೇ ಹೇಳಿದೆ. ಕಂಬ. ಕುರಿ, ಶೇಂಗಾ ಹೊಲ, ಬೆನ್ನಿಗೆ ಬಿದ್ದ ಏಟು, ಎಲ್ಲ ಹೇಳಿದೆ. ಸುದ್ದಿ ಹೋಗುತ್ತಿದೆ ಎಂದು ನಂಬಿದ್ದನ್ನೂ ಹೇಳಿದೆ. ಯಾರಿಗೂ ಹೇಳಿರಲಿಲ್ಲ ಅದನ್ನು. ಅವನು ನಗಲಿಲ್ಲ. ಮಾರನೇ ದಿನ ಹಾಡು ಮಾಡಿಕೊಂಡು ಬಂದ.

ಕಂಬಕ್ಕೆ ಕಿವಿ ಕೊಟ್ಟು ನಿಂತೀನಿ
ಯಾರಿಗೋ ಸುದ್ದಿ ಹೋಗ್ತೈತೆ
ನನಗಲ್ಲ, ನನಗಲ್ಲ
ಆದ್ರೂ ನನ್ನ ಮ್ಯಾಲೇ ಹೋಗ್ತೈತೆ

ಆ ಹಾಡು ಶುರುವಾಗುವುದೇ ಮೈಕಿನ ಕೂಗಿನಿಂದ. ಕ್ರಮ ಹೀಗೆ. ಮೊದಲು ನಾನು ಕೂಗಿಸಬೇಕು, ಸಣ್ಣಗೆ. ಕರಿಯಣ್ಣ ಮೂರು ಪೆಟ್ಟು ಹಾಕಬೇಕು, ಒಂದರಿಂದ ಒಂದಕ್ಕೆ ಬೇಕಾದಷ್ಟು ಬಿಡುವು ಕೊಟ್ಟು. ಮೂರನೇ ಪೆಟ್ಟಿಗೆ ನಾನು ಕೂಗನ್ನು ಏರಿಸಬೇಕು. ಆ ಎತ್ತರದಿಂದ ರುದ್ರೇಶ ದನಿಯನ್ನು ಎತ್ತಿಕೊಳ್ಳಬೇಕು. ಅವನ ಎರಡು ಕೈಯೂ ಗಿಟಾರಿನ ಮೇಲೆ, ಬಾಯಿ ಮೈಕಿನ ಮುಂದೆ. ನನಗೆ ಸನ್ನೆ ಮಾಡುವುದು ಹೇಗೆ? ಕಾಲಿನಿಂದ. ವೇದಿಕೆ ಹತ್ತುವಾಗ ಅವನು ಚಪ್ಪಲಿ ಬಿಡುತ್ತಿದ್ದ. ಬಲಗಾಲಿನ ಹೆಬ್ಬೆರಳು ಮೇಲೆದ್ದರೆ ಏರಿಸು, ಎರಡು ಸಲ ನೆಲಕ್ಕೆ ಬಡಿದರೆ ಇಳಿಸು. ಎರಡು ವರ್ಷ ನಾನು ಆ ಹೆಬ್ಬೆರಳನ್ನು ನೋಡಿದಷ್ಟು ಯಾವ ಹುಡುಗಿಯ ಮುಖವನ್ನೂ ನೋಡಿಲ್ಲ. ಕೂಗು ಶುರುವಾಗುವ ಜಾಗ ತಪ್ಪಬಾರದೆಂದು ತಗಡಿನ ಮೇಲೆ ಗೆರೆ ಎಳೆಯಲು ಹೇಳಿದವನು ಅವನು. ಎಳೆದವನು ನಾನು. ಗೆರೆಯ ಈಚೆಗೆ ಮದುವೆ, ನಾಮಕರಣ, ನನ್ನ ಅನ್ನ. ಗೆರೆಯ ಆಚೆಗೆ ನಾವು ಮೂವರು.

ಸಾಬರು ಗೆರೆ ನೋಡಿದ ದಿನ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ಲೇ ತಿಪ್ಪಾ" ಎಂದರು, "ಮೈಕ್ ಕೂಗದಂಗೆ ನೋಡ್ಕಳಕ್ಕೆ ನಿಂಗೆ ಎರಡು ವರ್ಷ ಕಲಿಸ್ದೆ. ನೀನು ಕೂಗ್ಸಕ್ಕೆ ಜನ ಕರ್ಕಂಡು ಬಂದೀಯ. ನಂಗೆ ಈಗ ಯಾರು ಕಪಾಳಕ್ಕೆ ಹೊಡೀಬೇಕು, ಹೇಳು."

ನಮ್ಮ ಕೇಳುಗರು ಎಷ್ಟು ಜನ ಇದ್ದರು ಎಂದು ನನ್ನ ಹೆಂಡತಿ ಗಂಗಮ್ಮ ಆಗಾಗ ಕೇಳುತ್ತಾಳೆ, ಉತ್ತರವನ್ನೂ ಅವಳೇ ಹೇಳುತ್ತಾಳೆ: "ಮೂರು ಜನ ಬ್ಯಾಂಡು ಕಟ್ಟಿದ್ರಿ, ಆ ಮೂರೇ ಜನ ಕೇಳಿದ್ರಿ." ತಪ್ಪು. ಹಿರಿಯೂರಿನಲ್ಲಿ ಒಬ್ಬ ಅಜ್ಜಿ ಕೇಳಿದ್ದಾಳೆ.

ಹಿರಿಯೂರಿನ ಒಂದು ಟೆಂಟಿನಲ್ಲಿ ಸಿನಿಮಾ. ಒಂದೇ ಸಿನಿಮಾ ಎರಡು ಊರಿನಲ್ಲಿ ನಡೆಯುತ್ತಿತ್ತು, ಅಲ್ಲಿ ಮುಗಿದ ರೀಲು ಬಸ್ಸಿನಲ್ಲಿ ಇಲ್ಲಿಗೆ ಬರಬೇಕು. ಅವತ್ತು ಬಸ್ಸು ಬರಲಿಲ್ಲ. ಮೊದಲನೇ ಆಟದ ಜನ ನೆಲದಲ್ಲಿ ಕೂತು ಕೂತು ಗಲಾಟೆ ಶುರುಮಾಡಿದರು. ನಾವು ಬೆಳಿಗ್ಗೆ ಅಲ್ಲೇ ಯಾರದೋ ನಾಮಕರಣ ಮುಗಿಸಿ ಸಾಮಾನು ಇಟ್ಟುಕೊಂಡು ಟೆಂಟಿನ ಹೊರಗೆ ಅದೇ ಬಸ್ಸಿಗೆ ಕಾಯುತ್ತಿದ್ದೆವು. ಟೆಂಟಿನ ಮ್ಯಾನೇಜರು ಓಡಿ ಬಂದು, "ಏನಾದ್ರೂ ಬಾರ್ಸ್ರಪ್ಪ, ಬೆಂಚು ಮುರೀತಾರೆ ಇವರು" ಎಂದರು. ಪರದೆಯ ಮುಂದೆ ನಿಂತೆವು. ಸಿನಿಮಾದ್ದು ಹಾಡ್ರಲೇ ಎಂದರು, ಹಾಡಲಿಲ್ಲ. ಶೇಂಗಾ ಸಿಪ್ಪೆ ಬಂತು. ಸಿಪ್ಪೆ ಮುಗಿದು ಇಡೀ ಶೇಂಗಾ ಬಂತು. ಕರಿಯಣ್ಣ ಅದನ್ನು ಆಯ್ದು ಜೇಬಿಗೆ ಹಾಕಿಕೊಳ್ಳುತ್ತಾ, "ಹುರಿದಿರೋದು ಎಸೀರಣ್ಣೋ, ಹಸೀದು ಹೊಟ್ಟೆ ನೋಯ್ತೈತೆ" ಎಂದ. ಅಷ್ಟು ಹೊತ್ತಿಗೆ ರುದ್ರೇಶನ ಹೆಬ್ಬೆರಳು ನನಗೆ ಸನ್ನೆ ಮಾಡಿತು.

ಕೂಗಿಸಿದೆ. ಟೆಂಟಿನ ಬಟ್ಟೆಯ ಒಳಗೆ ಆ ಶಬ್ದ ಸುತ್ತಿತು. ಮೂರು ಪೆಟ್ಟು. ಏರಿಸಿದೆ. ಜನ ಸುಮ್ಮನಾದರು. ಅದು ಮೆಚ್ಚುಗೆಯೋ ಭಯವೋ ನನಗೆ ಗೊತ್ತಿಲ್ಲ. ಮುಂದೆ ನೆಲದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದ ಒಬ್ಬ ಅಜ್ಜಿ ಪಕ್ಕದವಳ ತೋಳು ಹಿಡಿದು, "ಏ ಇದು ಕಂಬ ಕಣೇ, ನಮ್ಮ ಹೊಲದ ತಾವ ಐತಲ್ಲ, ತಂತಿ ಕಂಬ" ಎಂದಳು. ರುದ್ರೇಶ ಇನ್ನೂ ಬಾಯಿ ತೆರೆದಿರಲಿಲ್ಲ. ಹಾಡಿನಲ್ಲಿ ಕಂಬ ಎಂಬ ಮಾತು ಇನ್ನೂ ಬಂದಿರಲಿಲ್ಲ. ಬರೀ ನನ್ನ ಕೂಗು ಕೇಳಿ ಹೇಳಿದಳು.

ಮೊದಲನೇ ನಾಲ್ಕು ಸಾಲು ಮುಗಿಯುವ ಹೊತ್ತಿಗೆ ರೀಲು ಬಂತು. ಜನ ಶಿಳ್ಳೆ ಹಾಕಿದರು, ರೀಲಿನ ಡಬ್ಬಕ್ಕೆ. ನಮ್ಮನ್ನು ಪಕ್ಕಕ್ಕೆ ತಳ್ಳಿದರು. ಹೊರಗೆ ಬಂದು ಮೂವರೂ ಕರಿಯಣ್ಣನ ಜೇಬಿನ ಶೇಂಗಾ ತಿಂದೆವು. ರುದ್ರೇಶ, "ಲೇ ತಿಪ್ಪ, ಆ ಅಜ್ಜಿ ಅಂದಿದ್ದು ಕೇಳ್ತಾ" ಎಂದ. ನಾಲ್ಕು ಸಲ ಕೇಳಿದ. ನನ್ನ ಜೀವಮಾನದಲ್ಲಿ ನನಗೆ ಯಾರಾದರೂ ಪದಕ ಕೊಟ್ಟಿದ್ದರೆ ಅದು ಆ ಅಜ್ಜಿ. ಅವಳ ಹೆಸರೂ ಗೊತ್ತಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಬೇಗ ಮುಗಿಯಿತು. ರುದ್ರೇಶ ದಾವಣಗೆರೆಗೆ ಹೋದ. ಒಂದು ಆರ್ಕೆಸ್ಟ್ರಾ ಸೇರಿದ. ಕೂದಲು ಕತ್ತರಿಸಿದ. ಕರಿಯಣ್ಣ ಮದುವೆಯಾಗಿ ಊರಿಗೆ ಹೋಗಿ ಕುರಿ ಹಿಡಿದ. ಸಾಬರು ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ ಆಂಪ್ಲಿಫೈಯರನ್ನು ನನ್ನ ಕೈಗೆ ಕೊಟ್ಟು, "ಗೆರೆ ದಾಟಬ್ಯಾಡ" ಎಂದರು. ದಾಟಲಿಲ್ಲ. ಏಳು ವರ್ಷ ದಾಟಲಿಲ್ಲ. ನನಗೀಗ ಮೂವತ್ತೊಂದು. ಹಾರ್ನಿನ ಪಕ್ಕದಲ್ಲಿ ನಿಂತು ನಿಂತು ಎಡಗಿವಿಗೆ ಸಣ್ಣ ಶಬ್ದ ಕೇಳಿಸುವುದಿಲ್ಲ. ಕಂಬಕ್ಕೆ ಒತ್ತುತ್ತಿದ್ದುದು ಅದೇ ಕಿವಿ. ಹೋದ ವರ್ಷ ಮದಕರಿಪುರಕ್ಕೆ ಹೋದಾಗ ಯಾರೂ ನೋಡದ ಸಮಯ ನೋಡಿ ಕಂಬಕ್ಕೆ ಕಿವಿ ಕೊಟ್ಟೆ. ಏನೂ ಇಲ್ಲ. ಕಂಬವೇ ಬದಲಾಗಿದೆ ಎಂದುಕೊಂಡೆ. ಬಲಗಿವಿ ಕೊಟ್ಟೆ. ಕಂಬ ಬದಲಾಗಿರಲಿಲ್ಲ.

ಇಂಥ ನನ್ನ ಕಿವಿಯ ಮುಂದೆ ರುದ್ರೇಶ ಆ ಮಾತು ಹೇಳಿದ.

ಆರತಕ್ಷತೆ ದೊಡ್ಡ ಮನೆಯವರದು. ಮೈಕ್ ಸೆಟ್ ನನ್ನದು, ಆರ್ಕೆಸ್ಟ್ರಾ ದಾವಣಗೆರೆಯದು. ಯಾವ ಆರ್ಕೆಸ್ಟ್ರಾ ಎಂದು ನಾನು ಕೇಳಿರಲಿಲ್ಲ. ಸಂಜೆ ವ್ಯಾನಿನಿಂದ ಇಳಿದವನು ರುದ್ರೇಶ. ಮಿಂಚುವ ಅಂಗಿ, ಬಿಳೀ ಬೂಟು. ನಾನು ವೈರು ಸುತ್ತುತ್ತಾ ಎದ್ದು ನಿಂತೆ.

"ಏನೋ ತಿಪ್ಪ, ಇನ್ನೂ ಇದೇ ಕೆಲ್ಸನಾ?" ಎಂದ.

"ನೀನು ಬ್ಯಾರೆ ಏನು ಮಾಡ್ತಿದೀಯಪ್ಪ?" ಎಂದೆ.

"ಹಾಡ್ತಿದೀನಲ್ಲೋ."

"ಯಾರ್ದು?"

ಅವನು ನನ್ನ ಭುಜ ತಟ್ಟಿ ವೇದಿಕೆ ಹತ್ತಿದ. ಬೂಟು ಬಿಡಲಿಲ್ಲ. ಐದು ಸಿನಿಮಾ ಹಾಡು ಆಯಿತು. ಚೆನ್ನಾಗಿಯೇ ಹಾಡಿದ, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ನಾನೂ ಮೈಕನ್ನು ಗೆರೆಗೆ ಒಂದು ಎಳೆ ಈಚೆಗೆ ಇಟ್ಟು, ಅವನ ದನಿ ಹಿಂದಿನ ಸಾಲಿಗೂ ಬೆಣ್ಣೆಯಂತೆ ತಲುಪುವ ಹಾಗೆ ನೋಡಿಕೊಂಡೆ. ಹಿಂದಿನ ಸಾಲಿನಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕರಿಯಣ್ಣ ಕೂತಿದ್ದ. ಹುಡುಗನ ಕಡೆಯವರು ಅವನ ಊರಿನವರು. ಅವನು ನನ್ನ ಕಡೆ ಕೈ ಎತ್ತಿದ. ಅಷ್ಟರಲ್ಲಿ ರುದ್ರೇಶ ಹಾಡಿನ ನಡುವಿನ ಬಿಡುವಿನಲ್ಲಿ ತಮಾಷೆ ಮಾಡತೊಡಗಿದ. ದುರ್ಗ ನನ್ನ ಊರು ಎಂದ, ಚಪ್ಪಾಳೆ ಬಂತು. ಆಮೇಲೆ ಆ ಮಾತು ಬಂತು. ಹುಚ್ಚಾಟ ಎಂದ. ಕೆಲಸ ಬರದ ಮೈಕಿನವನು ಎಂದ. ನಗು ಬಂತು. ಮುಂದಿನ ಸಾಲಿನ ಹೆಂಗಸರು ಕತ್ತು ತಿರುಗಿಸಿ ನನ್ನನ್ನು ನೋಡಿ ನಕ್ಕರು.

ನಾಬು ನನ್ನ ಕೈಯಲ್ಲೇ ಇತ್ತು. ಗೆರೆ ದಾಟಿಸಿದೆ.

ಬಲಗಿವಿಗೆ ಕೇಳಿಸಿತು. ಏಳು ವರ್ಷದ ಮೇಲೂ ಅದೇ ಎಳೆ, ಅದೇ ಎತ್ತರ. ಜನ ಕಿವಿ ಮುಚ್ಚಿಕೊಂಡರು. ರುದ್ರೇಶ ಮೈಕಿನಲ್ಲೇ, "ನೋಡ್ರಿ, ಇವತ್ತಿಗೂ ಕಲ್ತಿಲ್ಲ" ಎಂದ. ಮತ್ತೆ ನಗು. ನಾನು ಕೈ ತೆಗೆಯಲಿಲ್ಲ. ಆ ನಗುವಿನ ಹಿಂದಿನಿಂದ ಒಂದು ಪೆಟ್ಟು ಬಂತು. ಕಬ್ಬಿಣದ ಮಡಚು ಕುರ್ಚಿಯ ಮೇಲೆ ಅಂಗೈಯ ಪೆಟ್ಟು. ಬಿಡುವು. ಇನ್ನೊಂದು. ಬಿಡುವು. ಯಾರು ಎಂದು ನಾನು ತಿರುಗಿ ನೋಡಬೇಕಾಗಿರಲಿಲ್ಲ. ನಾನು ನೋಡುತ್ತಿದ್ದುದು ಬಿಳೀ ಬೂಟನ್ನು. ಮೂರನೇ ಪೆಟ್ಟಿಗೆ ಬಲಗಾಲಿನ ಬೂಟಿನ ಮೂತಿ ಮೇಲೆದ್ದಿತು. ಏರಿಸು.

ಏರಿಸಿದೆ.

ಈಗ ದನಿ ಬರಬೇಕು. ಅವನ ಬಾಯಿ ತೆರೆದಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ದನಿ ಬರಲಿಲ್ಲ. ಅವನು ತಲೆ ಬಗ್ಗಿಸಿ ತನ್ನ ಕಾಲನ್ನೇ ನೋಡಿದ, ಅದು ಬೇರೆ ಯಾರದೋ ಕಾಲು ಎನ್ನುವ ಹಾಗೆ. ನಗು ಅವನ ಮುಖದಿಂದ ಹೋಗಿತ್ತು. ನಾನು ನಾಬನ್ನು ಗೆರೆಗೆ ತಂದು ನಿಲ್ಲಿಸಿದೆ. ಕೂಗು ನಿಂತಿತು.

ಹುಡುಗಿಯ ತಂದೆ ಪಂಚೆ ಎತ್ತಿಕೊಂಡು ವೇದಿಕೆಯ ಹತ್ತಿರ ಓಡಿ ಬಂದರು. "ಏನಪ್ಪ ಮೈಕು, ಮರ್ಯಾದೆ ತೆಗೀತೀಯಲ್ಲ. ಯಾಕೆ ಕೂಗ್ತು ಅದು?"

"ಅದು ಕೂಗಿದ್ದಲ್ಲ ಸ್ವಾಮಿ, ಕೂಗ್ಸಿದ್ದು" ಎಂದೆ. "ಏರ್ಸು ಅಂತ ಹಾಡೋರೇ ಹೇಳಿದ್ರು. ಕೇಳಿ ನೋಡ್ರಿ."

ಅವರು ಮೇಲಕ್ಕೆ ನೋಡಿದರು. "ಹೌದೇನ್ರಿ? ನೀವು ಹೇಳಿದ್ರಾ?"

ರುದ್ರೇಶ ಅವರನ್ನು ನೋಡಿದ, ನನ್ನನ್ನು ನೋಡಿದ, ಹಿಂದಿನ ಸಾಲಿನ ಕಡೆ ನೋಡಿದ. ನನಗೆ ಅವನಿಂದ ಬೇಕಾಗಿದ್ದುದು ಒಂದೇ ಒಂದು ಮಾತು, ಅದೂ ಆ ಮುನ್ನೂರು ಜನರಿಗೆ ಕೇಳುವ ಹಾಗೆ. ಅವನು ಆ ಮಾತನ್ನು ಹೇಳಿದ. "ಹೌದು ಸಾರ್, ನಾನೇ ಹೇಳಿದ್ದು. ಆಗ್ಲೂ ನಾನೇ ಹೇಳ್ತಿದ್ದೆ." ಆದರೆ ಹೇಳುವುದಕ್ಕೆ ಮುಂಚೆ ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿಕೊಂಡ. ತಮಾಷೆಯನ್ನು ಮೈಕಿನಲ್ಲಿ ಹೇಳಿದವನು, ನಿಜವನ್ನು ಕೈ ಮುಚ್ಚಿ ಹೇಳಿದ. ಅದಕ್ಕೇ ನಾನು ಇದನ್ನೆಲ್ಲ ಕೂತು ಬರೆಯಬೇಕಾಗಿ ಬಂದದ್ದು.

ಅಂಗೈ ಮುಚ್ಚಿದರೆ ಏನಾಗುತ್ತದೆ ಎಂದು ನಿಮಗೆ ಆಗಲೇ ಹೇಳಿದ್ದೇನೆ. ಅವನ ಕೈಯ ಕೆಳಗಿನಿಂದ ಅದು ಎದ್ದಿತು, ಛತ್ರದ ಮೂಲೆ ಮೂಲೆಗೂ ಹೋಯಿತು. ಆ ಒಂದು ಕೂಗನ್ನು ಮಾತ್ರ ನಾನು ಕೂಗಿಸಿದ್ದಲ್ಲ.